ಸೊಬಿಬೋರ್ ಬಂಡಾಯದ ಸಾಕ್ಷ್ಯಚಿತ್ರ: ನೋಡಿದವರು, ನೋಡಬೇಕು ಅಂದುಕೊಂಡವರು ಇಲ್ಲಿ ಬನ್ನಿ

ಚಿತ್ರಸಂಜೆ

ಫ್ರೆಂಚ್ ನಿರ್ದೇಶಕ ಕ್ಲೋದ್ ಲಾಂಜ್‌ಮನ್ ಅವರ ‘ಸೊಬಿಬೋರ್, 14 ಅಕ್ಟೋಬರ್ 1943, ಸಂಜೆ 4 ಗಂಟೆ’ ಚಿತ್ರದ ಬಗ್ಗೆ ಇಲ್ಲಿ ಯಾರೂ ಬರೆದ ಹಾಗಿಲ್ಲ. ಅದಕ್ಕೇ ಶುರು ಮಾಡುತ್ತಿದ್ದೇನೆ. ಚಿತ್ರ 2001ರದ್ದು, ಸುಮಾರು ಒಂದೂವರೆ ಗಂಟೆಯದು. ಹೆಚ್ಚುಕಡಿಮೆ ಪೂರ್ತಿ ಚಿತ್ರ ಒಬ್ಬನೇ ಮನುಷ್ಯನ ಮಾತು. ಹೆಸರು ಯೆಹೂದಾ ಲರ್ನರ್. ವಾರ್ಸಾದ ಹುಡುಗ. 1942ರ ಬೇಸಿಗೆಯಲ್ಲಿ ನಾಜಿಗಳು ಹಿಡಿದೊಯ್ದಾಗ ಅವನಿಗೆ ಹದಿನಾರು ವರ್ಷ. ಆರು ತಿಂಗಳಲ್ಲಿ ಎಂಟು ಶಿಬಿರಗಳಿಂದ ತಪ್ಪಿಸಿಕೊಂಡ, ಪ್ರತಿಸಲವೂ ಸಿಕ್ಕಿಬಿದ್ದ. ಕೊನೆಗೆ ಮಿನ್ಸ್ಕ್‌ನಿಂದ ಸೋವಿಯತ್ ಕೆಂಪು ಸೇನೆಯ ಯಹೂದಿ ಯುದ್ಧಕೈದಿಗಳ ಜೊತೆ ಸೊಬಿಬೋರ್‌ಗೆ ಬಂದ. ಅಲ್ಲಿ ಕೈದಿಗಳು ದಂಗೆ ಎದ್ದ ದಿನ ಅವನ ಪಾಲಿಗೆ ಬಂದ ಕೆಲಸ: ಕೋಟಿನ ಟ್ರಯಲ್ ನೋಡಲು ಬರುವ ಜರ್ಮನ್ ಅಧಿಕಾರಿಯನ್ನು ಕೊಡಲಿಯಿಂದ ಕೊಲ್ಲುವುದು.

ಈ ಸಂದರ್ಶನವನ್ನು ಲಾಂಜ್‌ಮನ್ 1979ರಲ್ಲೇ ಜೆರುಸಲೇಮ್‌ನಲ್ಲಿ ತೆಗೆದಿದ್ದರು. ಆದರೆ 1985ರಲ್ಲಿ ಬಂದ ಅವರ ಒಂಬತ್ತೂವರೆ ಗಂಟೆಯ ದೊಡ್ಡ ಚಿತ್ರ ‘ಶೋವಾ’ದಲ್ಲಿ ಇದನ್ನು ಸೇರಿಸಲಿಲ್ಲ. ಈ ಬಂಡಾಯಕ್ಕೆ ಅದರದ್ದೇ ಒಂದು ಚಿತ್ರ ಬೇಕು ಅಂತ ಬಿಟ್ಟಿದ್ದರು. ನನಗೆ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ಆ ದೊಡ್ಡ ಚಿತ್ರದ ಮಧ್ಯೆ ಬಂದಿದ್ದರೆ ಇದು ಉಸಿರು ಬಿಡಲು ಸಿಗುವ ಹತ್ತು ನಿಮಿಷ ಆಗಿಬಿಡುತ್ತಿತ್ತು.

ನೋಡಿದವರು ಏನಂತೀರಿ?

ತುಂಗಾತೀರ

ನಾನು ಇನ್ನೂ ನೋಡಿಲ್ಲ. ಆಶ್‌ವಿಟ್ಸ್ ಬಗ್ಗೆ ಓದಿದ್ದೇನೆ. ಸೊಬಿಬೋರ್ ಹೆಸರು ಮಾತ್ರ ಕೇಳಿದ್ದು. ಅದೂ ಅಂಥದ್ದೇ ಶಿಬಿರವಾ? ಯಾರಾದರೂ ಸ್ವಲ್ಪ ಹಿನ್ನೆಲೆ ಹೇಳಿ.

ಹಳೆಮೇಷ್ಟ್ರು

ಅಂಥದ್ದೇ ಅಲ್ಲ. ಈ ವ್ಯತ್ಯಾಸ ತಿಳಿದುಕೊಂಡು ನೋಡಿದರೆ ಚಿತ್ರ ಚೆನ್ನಾಗಿ ಅರ್ಥವಾಗುತ್ತದೆ.

ಆಶ್‌ವಿಟ್ಸ್‌ನಲ್ಲಿ ಕೊಲ್ಲುವ ಜಾಗವೂ ಇತ್ತು, ದುಡಿಸುವ ದೊಡ್ಡ ಶಿಬಿರವೂ ಇತ್ತು. ಸೊಬಿಬೋರ್, ಬೆಲ್ಜೆಕ್, ಟ್ರೆಬ್ಲಿಂಕಾ ಈ ಮೂರು ಕಟ್ಟಿದ್ದು ಕೊಲ್ಲುವುದಕ್ಕೇ. ನಾಜಿಗಳು ಇದನ್ನು ‘ಆಪರೇಷನ್ ರೈನ್‌ಹಾರ್ಡ್’ ಎಂದು ಕರೆದರು. ಸೊಬಿಬೋರ್ ಇರುವುದು ಪೋಲೆಂಡಿನ ಪೂರ್ವ ತುದಿಯಲ್ಲಿ, ಬುಗ್ ನದಿಗೆ ಹತ್ತಿರ, ಕಾಡಿನ ನಡುವೆ ಒಂದು ಸಣ್ಣ ರೈಲು ನಿಲ್ದಾಣದ ಪಕ್ಕ. 1942ರ ಮೇ ತಿಂಗಳಿಂದ 1943ರ ಅಕ್ಟೋಬರ್‌ವರೆಗೆ ನಡೆಯಿತು. ಅಷ್ಟರಲ್ಲಿ ಕಡಿಮೆ ಎಂದರೂ 1,70,000 ಜನರನ್ನು ಅಲ್ಲಿ ಕೊಂದರು. ಎರಡೂವರೆ ಲಕ್ಷ ಎನ್ನುವ ಲೆಕ್ಕವೂ ಇದೆ. ಎಂಜಿನ್ನಿನ ಹೊಗೆಯನ್ನು ಮುಚ್ಚಿದ ಕೋಣೆಗೆ ಬಿಡುತ್ತಿದ್ದರು. ಬೆಳಿಗ್ಗೆ ರೈಲು ಬಂದರೆ ಸಂಜೆಯೊಳಗೆ ಬಹುತೇಕ ಎಲ್ಲರ ಕಥೆ ಮುಗಿಯುತ್ತಿತ್ತು.

ಜೀವಂತ ಇಟ್ಟುಕೊಂಡಿದ್ದು ಸುಮಾರು ಆರುನೂರು ಜನರನ್ನು. ದರ್ಜಿ, ಚಮ್ಮಾರ, ಬಡಗಿ, ಅಕ್ಕಸಾಲಿಗ, ಅಡುಗೆಯವರು, ಸತ್ತವರ ಬಟ್ಟೆಬರೆ ವಿಂಗಡಿಸುವವರು. ದಂಗೆ ಎದ್ದದ್ದು ಇವರೇ.

ಕಡಲಹುಡುಗ

ಒಂದು ಪ್ರಶ್ನೆ, ತಪ್ಪು ತಿಳೀಬೇಡಿ. ಆರುನೂರು ಜನ ಕೈದಿಗಳು. ಜರ್ಮನರು ಇಪ್ಪತ್ತು ಮೂವತ್ತು ಜನ ಇದ್ದರಂತೆ. ಹಾಗಿದ್ದರೆ ಒಂದೂವರೆ ವರ್ಷ ಯಾಕೆ ಕಾದರು? ರೈಲಿನಲ್ಲಿ ಒಂದೊಂದು ಸಲ ಸಾವಿರಾರು ಜನ ಬರುತ್ತಿದ್ದರು. ಅವರಾದರೂ ಯಾಕೆ ತಿರುಗಿ ಬೀಳಲಿಲ್ಲ?

ಹಳೆಮೇಷ್ಟ್ರು

ಕೇಳಿದ್ದು ಒಳ್ಳೆಯದೇ ಆಯಿತು. ಬದುಕಿ ಬಂದವರಿಗೆ ಈ ಪ್ರಶ್ನೆಯನ್ನು ಜೀವನಪೂರ್ತಿ ಕೇಳಿದ್ದಾರೆ. ಕುರಿಮಂದೆಯ ಹಾಗೆ ಹೋದರು ಎನ್ನುವ ಮಾತನ್ನು ಅವರ ಎದುರೇ ಆಡಿದ್ದಾರೆ. ನನಗೆ ಕೋಪ ಬರುವುದು ಅದಕ್ಕೆ, ನಿಮ್ಮ ಮೇಲಲ್ಲ.

ಮೊದಲು ರೈಲಿನವರ ವಿಷಯ. ಬಂದವರಿಗೆ ಇದು ದಾರಿಯ ಶಿಬಿರ, ಸ್ನಾನ ಮಾಡಿ, ಬಟ್ಟೆ ಶುಚಿ ಮಾಡಿಸಿಕೊಂಡು ಮುಂದೆ ಕೆಲಸಕ್ಕೆ ಹೋಗುತ್ತೀರಿ ಎಂದು ಭಾಷಣ ಮಾಡುತ್ತಿದ್ದರು. ಡಚ್ ಯಹೂದಿಗಳ ಕೈಯಲ್ಲಿ ಮನೆಗೆ ‘ಕ್ಷೇಮವಾಗಿ ತಲುಪಿದೆವು’ ಎಂದು ಕಾಗದ ಬರೆಸಿದ್ದೂ ಉಂಟು. ಮಕ್ಕಳು, ಮುದುಕರು, ಮೂರು ದಿನ ಬೋಗಿಯಲ್ಲಿ ನಿಂತು ಬಂದವರು. ಎದುರಿಗೆ ಬಂದೂಕು. ಅವರಿಗೆ ಸಿಕ್ಕ ಸಮಯವಾದರೂ ಎಷ್ಟು? ಒಂದೆರಡು ಗಂಟೆ.

ಇನ್ನು ಕೈದಿಗಳು. ಜರ್ಮನರ ಜೊತೆಗೆ ಟ್ರಾವ್ನಿಕಿ ಎಂಬಲ್ಲಿ ತರಬೇತಿ ಪಡೆದ ಕಾವಲುಗಾರರು ನೂರಕ್ಕೂ ಜಾಸ್ತಿ ಇದ್ದರು, ಅದನ್ನು ಮರೆಯಬೇಡಿ. ಸುತ್ತ ಮುಳ್ಳುತಂತಿ, ಅದರಾಚೆ ನೆಲಬಾಂಬು. ಎಲ್ಲಕ್ಕಿಂತ ದೊಡ್ಡ ತೊಡಕು ಸೇಡಿನದು. ಇಬ್ಬರು ಓಡಿಹೋದರೆ ಉಳಿದವರಲ್ಲಿ ಎಷ್ಟೋ ಜನರನ್ನು ನಿಲ್ಲಿಸಿ ಕೊಲ್ಲುತ್ತಿದ್ದರು. 1943ರ ಜುಲೈನಲ್ಲಿ ಕಾಡಿನಲ್ಲಿ ಮರ ಕಡಿಯುವ ತಂಡದಿಂದ ಕೆಲವರು ತಪ್ಪಿಸಿಕೊಂಡಾಗ ಹಾಗೇ ಆಯಿತು. ಹಾಗಾಗಿ ಒಬ್ಬ ತಪ್ಪಿಸಿಕೊಳ್ಳುವುದು ಎಂದರೆ ಇನ್ನೊಬ್ಬನನ್ನು ಸಾಯಿಸಿದ ಹಾಗೆ. ಹೋದರೆ ಎಲ್ಲರೂ ಹೋಗಬೇಕು. ಎಲ್ಲರೂ ಹೋಗುವ ಯೋಜನೆ ಮಾಡಲು ಸೈನ್ಯದ ಅನುಭವ ಇದ್ದವರು ಬೇಕಿತ್ತು. ಅಂಥವರು ಬಂದಿದ್ದು ಸೆಪ್ಟೆಂಬರ್ 1943ರಲ್ಲಿ. ಬಂದ ಮೂರು ವಾರಕ್ಕೆ ದಂಗೆ ಆಯಿತು. ತಡ ಎಲ್ಲಿದೆ, ಹೇಳಿ?

ಚಿತ್ರಸಂಜೆ

ಮೇಷ್ಟ್ರೇ, ಬೆಲ್ಜೆಕ್‌ನವರ ಚೀಟಿಯ ವಿಷಯವನ್ನೂ ಹೇಳಿ. ಚಿತ್ರದಲ್ಲಿ ಅದು ಬರುವುದಿಲ್ಲ, ಆದರೆ ಗೊತ್ತಿರಬೇಕು.

ಹಳೆಮೇಷ್ಟ್ರು

ಹೌದು. ಬೆಲ್ಜೆಕ್ ಶಿಬಿರವನ್ನು ಮುಚ್ಚಿದಾಗ ಅಲ್ಲಿ ಹೆಣ ಸುಡುವ ಕೆಲಸಕ್ಕೆ ಇಟ್ಟಿದ್ದ ಕೊನೆಯ ಕೈದಿಗಳನ್ನು ಬೇರೆ ಕಡೆ ಕೆಲಸಕ್ಕೆ ಎಂದು ಹೇಳಿ ರೈಲಿಗೆ ಹತ್ತಿಸಿದರು. ತಂದಿದ್ದು ಸೊಬಿಬೋರ್‌ಗೆ. 1943ರ ನಡುವಿನ ಮಾತು ಇದು. ಇಳಿದಲ್ಲೇ ಗುಂಡಿಟ್ಟು ಕೊಂದರು. ಅವರ ಬಟ್ಟೆ ವಿಂಗಡಿಸುತ್ತಿದ್ದ ಕೈದಿಗಳಿಗೆ ಜೇಬಿನಲ್ಲಿ ಚೀಟಿ ಸಿಕ್ಕಿತು. ನಮಗೆ ಸುಳ್ಳು ಹೇಳಿ ಕರೆತಂದರು, ನಿಮಗೂ ಇದೇ ಗತಿ, ನಮ್ಮ ಸೇಡು ತೀರಿಸಿ ಎನ್ನುವ ಅರ್ಥದ ಮಾತು ಅದರಲ್ಲಿತ್ತು.

ಸಾಯುವವರು ಬೇರೆಯವರಿಗಾಗಿ ಬರೆದಿಟ್ಟ ಚೀಟಿ ಅದು. ತಾವು ಬದುಕುವುದಿಲ್ಲ ಎಂಬ ಅನುಮಾನ ಇದ್ದೇ ಬರೆದದ್ದು. ಅದನ್ನೂ ನಾನು ಪ್ರತಿರೋಧ ಎಂದೇ ಎಣಿಸುತ್ತೇನೆ. ಶಿಬಿರದ ಕೆಲಸಕ್ಕೆ ಒದಗಿದರೆ ಜೀವ ಉಳಿದೀತು ಎಂಬ ಆಸೆ ಅಲ್ಲಿಗೆ ಸತ್ತಿತು. ಲಿಯೋನ್ ಫೆಲ್ಡ್‌ಹೆಂಡ್ಲರ್ ಎಂಬ ಪೋಲಿಷ್ ಯಹೂದಿಯ ಸುತ್ತ ಗುಟ್ಟಿನ ಗುಂಪು ಬೆಳೆದದ್ದು ಆ ಹೊತ್ತಿನಲ್ಲೇ. ಆಮೇಲೆ ಅವರ ಜೊತೆ ಕೂಡಿದವನು ಕೆಂಪು ಸೇನೆಯ ಲೆಫ್ಟಿನೆಂಟ್ ಅಲೆಕ್ಸಾಂಡರ್ ಪೆಚೆರ್ಸ್ಕಿ.

ಕಡಲಹುಡುಗ

ಇದು ಗೊತ್ತಿರಲಿಲ್ಲ. ಧನ್ಯವಾದ ಮೇಷ್ಟ್ರೇ. ದಂಗೆ ಹೇಗೆ ನಡೆಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಚಿತ್ರಸಂಜೆ

ಇದನ್ನು ನಾನು ಹೇಳುತ್ತೇನೆ, ಯಾಕೆಂದರೆ ಚಿತ್ರದ ಜೀವವೇ ಇದು.

ಯೋಜನೆ ಸರಳ. ಸಂಜೆ 4ರಿಂದ 5ರ ಒಳಗೆ ಜರ್ಮನ್ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕೆಲಸದ ಶೆಡ್‌ಗಳಿಗೆ ಕರೆಸಬೇಕು. ನಿಮ್ಮ ಕೋಟು ರೆಡಿ ಇದೆ, ಬೂಟು ರೆಡಿ ಇದೆ, ಬಂದು ನೋಡಿ ಅಂತ. ಸದ್ದಿಲ್ಲದೆ ಕೊಲ್ಲಬೇಕು. ಫೋನ್ ತಂತಿ ಕತ್ತರಿಸಬೇಕು. 5 ಗಂಟೆಯ ಹಾಜರಿಗೆ ಎಲ್ಲರೂ ಸಾಲಾಗಿ ನಿಂತು, ಅಪ್ಪಣೆ ಆಗಿದೆ ಎನ್ನುವ ಹಾಗೆ ಮುಖ್ಯ ಗೇಟಿನಿಂದ ನಡೆದು ಹೊರಬೀಳಬೇಕು. ಶಿಬಿರದ ಅತ್ಯಂತ ಕ್ರೂರಿ, ಚಾಣಾಕ್ಷ ಗುಸ್ತಾವ್ ವಾಗ್ನರ್ ಆಗ ರಜೆಯಲ್ಲಿದ್ದ. ಅದನ್ನು ನೋಡಿಕೊಂಡೇ ದಿನ ಗೊತ್ತು ಮಾಡಿದರು.

ಇದರಲ್ಲಿ ಎರಡು ನಂಬಿಕೆ ಇತ್ತು. ಒಂದು, ಜರ್ಮನರು ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಎರಡು, ಸತ್ತವರಿಂದ ಕಿತ್ತುಕೊಂಡ ಒಳ್ಳೆಯ ಬಟ್ಟೆಯ ಆಸೆ ಅವರಿಗಿದೆ. ಎರಡೂ ನಿಜವಾಯಿತು. ಶಿಬಿರದ ಉಪಮುಖ್ಯಸ್ಥ ಯೋಹಾನ್ ನೀಮನ್ ಕುದುರೆ ಏರಿ ಬಂದವನು ದರ್ಜಿ ಶೆಡ್‌ನಲ್ಲಿ ಸತ್ತ.

ಲರ್ನರ್ ತನ್ನ ಪಾಲಿನ ಕೆಲಸ ಹೇಳುವಾಗ ಲಾಂಜ್‌ಮನ್ ಒಂದೊಂದು ಸಣ್ಣ ವಿವರವನ್ನೂ ಬಿಡದೆ ಕೇಳುತ್ತಾರೆ. ಎಲ್ಲಿ ಕೂತಿದ್ದೆ? ಕೊಡಲಿ ಎಲ್ಲಿತ್ತು? ಹೊಲಿಯುವವನ ಹಾಗೆ ಮಡಿಲ ಮೇಲೆ ಕೋಟು ಹರಡಿಕೊಂಡು ಕೂತಿದ್ದ, ಕೊಡಲಿ ಅದರ ಅಡಿಗಿತ್ತು. ಬಂದವನು ಕಾವಲುಗಾರರ ಮುಖ್ಯಸ್ಥ ಗ್ರೆಟ್ಶುಸ್, ಭಾರೀ ಆಳು. ದರ್ಜಿ ಅವನಿಗೆ ಕೋಟು ತೊಡಿಸುತ್ತಾನೆ. ಲರ್ನರ್ ಎದ್ದು ಒಂದೇ ಏಟು ಹಾಕುತ್ತಾನೆ. ಹೆಣವನ್ನು ಕೋಟುಗಳ ರಾಶಿಯಲ್ಲಿ ಮುಚ್ಚುತ್ತಾರೆ, ರಕ್ತ ಒರೆಸುತ್ತಾರೆ. ಕೂಡಲೇ ಇನ್ನೊಬ್ಬ ಬರುತ್ತಾನೆ. ಅವನು ನಡೆಯುವಾಗ ರಾಶಿಯಿಂದ ಹೊರಗೆ ಚಾಚಿದ್ದ ಸತ್ತವನ ಕೈಯನ್ನು ತುಳಿದುಬಿಡುತ್ತಾನೆ. ಏನಿದು ಎಂದು ಕೂಗುವಷ್ಟರಲ್ಲಿ ಅವನಿಗೂ ಏಟು ಬೀಳುತ್ತದೆ.

ಇದಕ್ಕೆ ಮುಂಚೆ ಯಾರನ್ನಾದರೂ ಕೊಂದಿದ್ದಿರಾ ಅಂತ ಲಾಂಜ್‌ಮನ್ ಕೇಳುತ್ತಾರೆ. ಇಲ್ಲ. ಹೇಳುವಾಗ ಲರ್ನರ್ ಮುಖ ಬಿಳಿಚಿಕೊಳ್ಳುತ್ತದೆ. ಚಿತ್ರದಲ್ಲಿ ಹಳೆಯ ದೃಶ್ಯಗಳಿಲ್ಲ, ಬಣ್ಣ ಹಚ್ಚಿದ ನಾಟಕವಿಲ್ಲ. ಆ ಮುಖವೇ ಸಾಕು.

ತುಂಗಾತೀರ

ಈಗಷ್ಟೇ ನೋಡಿದೆ. ಚಿತ್ರ ಹಿಡಿದಿಡುತ್ತದೆ, ನಿಜ. ಆದರೆ ಲರ್ನರ್ ಹೀಬ್ರೂದಲ್ಲಿ ಮಾತಾಡುವುದು, ಆಮೇಲೆ ಅನುವಾದಕಿ ಅಷ್ಟನ್ನೂ ಫ್ರೆಂಚ್‌ನಲ್ಲಿ ಹೇಳುವುದು, ನಾವು ಕೆಳಗೆ ಓದುವುದು. ಮೊದಲ ಅರ್ಧ ಗಂಟೆ ಬಹಳ ಕಷ್ಟ ಆಯಿತು. ಇದನ್ನು ಕತ್ತರಿಸಬಹುದಿತ್ತಲ್ವಾ?

ಚಿತ್ರಸಂಜೆ

ನನಗೆ ಅದು ಬೇಕೇ ಬೇಕು ಅನ್ನಿಸಿತು. ಅನುವಾದಕಿ ಮಾತಾಡುತ್ತಿರುವಾಗ ಕ್ಯಾಮೆರಾ ಲರ್ನರ್ ಮೇಲೇ ಇರುತ್ತದೆ. ತಾನು ಈಗ ಹೇಳಿದ್ದು ಇನ್ನೊಬ್ಬರ ಬಾಯಲ್ಲಿ ಬರುವುದನ್ನು ಅವರು ಕೇಳಿಸಿಕೊಳ್ಳುತ್ತಾ ಕೂತಿರುತ್ತಾರೆ. ಆಗ ಅವರ ಕಣ್ಣು ನೋಡಿ. ಮಾತಾಡುವಾಗ ಕಾಣದ್ದು ಆಗ ಕಾಣುತ್ತದೆ.

ಮಧ್ಯೆ ಹೆಬ್ಬಾತುಗಳ ಹಿಂಡು ಗಮನಿಸಿದಿರಾ? ಶಿಬಿರದಲ್ಲಿ ಹೆಬ್ಬಾತು ಸಾಕಿದ್ದರು. ಒಳಗೆ ಜನ ಕಿರುಚುವಾಗ ಇವನ್ನು ಓಡಿಸಿ ಗಲಾಟೆ ಎಬ್ಬಿಸುತ್ತಿದ್ದರು, ಆ ಕೂಗು ಕೇಳದಿರಲಿ ಅಂತ. ಲಾಂಜ್‌ಮನ್ ತೋರಿಸುವುದು ಬರೀ ಬಿಳಿ ಹೆಬ್ಬಾತುಗಳ ಹಿಂಡು. ಆ ಸದ್ದಿನ ಅರ್ಥ ಗೊತ್ತಾದ ಮೇಲೆ ಕಿವಿ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಡಚ್ಚೂರಿನ ಕನ್ನಡತಿ

ನಾನು ನೆದರ್‌ಲೆಂಡ್ಸ್‌ನಲ್ಲಿ ಇರುವವಳು. ಇಲ್ಲಿನ ಲೆಕ್ಕ ಹೇಳಲೇಬೇಕು ಅನ್ನಿಸಿತು. 1943ರ ಮಾರ್ಚ್‌ನಿಂದ ಜುಲೈವರೆಗೆ 19 ರೈಲುಗಳು ಇಲ್ಲಿನಿಂದ ಸೊಬಿಬೋರ್‌ಗೆ ಹೋದವು. ಒಟ್ಟು 34,313 ಜನ. ಯುದ್ಧ ಮುಗಿದಾಗ ಅವರಲ್ಲಿ ಉಳಿದಿದ್ದು 18 ಜನ. ಸೊನ್ನೆ ಬಿಟ್ಟುಹೋಗಿಲ್ಲ, ಹದಿನೆಂಟೇ. ಜೂನ್ 1ರ ರೈಲಿನಲ್ಲಿದ್ದ 3,006 ಜನರಲ್ಲಿ ಬದುಕಿದವರು ಒಬ್ಬರೇ, ಯೂಲ್ಸ್ ಸ್ಖೆಲ್ವಿಸ್. ಅವರ ಹೆಂಡತಿ ರಾಕೆಲ್ ಅದೇ ರೈಲಿನಲ್ಲಿದ್ದರು, ಬಂದ ದಿನವೇ ಹೋದರು. ಮುಂದೆ ಸ್ಖೆಲ್ವಿಸ್ ತಾವೇ ಕೂತು ಸೊಬಿಬೋರ್‌ನ ಇತಿಹಾಸ ಬರೆದರು.

ಆ ರೈಲುಗಳು ಹೊರಟ ವೆಸ್ಟರ್‌ಬೋರ್ಕ್ ಶಿಬಿರದ ಜಾಗಕ್ಕೆ ನಾನು ಹೋಗಿದ್ದೇನೆ. ಹಾಜರಿ ಹಾಕುತ್ತಿದ್ದ ಮೈದಾನದಲ್ಲಿ ನೆಲದಿಂದ ಮೇಲೆದ್ದ ಸಣ್ಣ ಸಣ್ಣ ಇಟ್ಟಿಗೆಕಲ್ಲುಗಳು, 1,02,000. ಅಲ್ಲಿಂದ ಹೋಗಿ ಮರಳದ ಒಬ್ಬೊಬ್ಬರಿಗೆ ಒಂದೊಂದು. ಎತ್ತರ ಒಂದೇ ಸಮ ಇಲ್ಲ, ಬೇರೆ ಬೇರೆ. ನಡುವೆ ನಿಂತರೆ ಮಕ್ಕಳೂ ದೊಡ್ಡವರೂ ಸಾಲು ನಿಂತ ಹಾಗೇ ಕಾಣುತ್ತದೆ.

ಚಿತ್ರದ ಬಗ್ಗೆ ನನಗೊಂದು ತಕರಾರು ಇದೆ. ದಂಗೆಯ ದಿನ ಓಡದೆ ಉಳಿದವರಲ್ಲಿ ಡಚ್ಚರು ಬಹಳ ಮಂದಿ. ಅವರಿಗೆ ಪೋಲಿಷ್ ಬರುತ್ತಿರಲಿಲ್ಲ, ರಷ್ಯನ್ ಬರುತ್ತಿರಲಿಲ್ಲ. ಯೋಜನೆ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಬೇಲಿ ದಾಟಿದರೂ ಗುರುತಿಲ್ಲದ ಕಾಡು. ಆ ಹದಿನೆಂಟು ಜನರಲ್ಲಿ ಬಂಡಾಯದ ಮೂಲಕ ಪಾರಾದವರು ಇಬ್ಬರೇ ಹೆಂಗಸರು: ಸೆಲ್ಮಾ ವೈನ್‌ಬರ್ಗ್ ಮತ್ತು ಉರ್ಸುಲಾ ಸ್ಟೆರ್ನ್. ಸೆಲ್ಮಾ ಜೊತೆಗಿದ್ದವನು ಪೋಲಿಷ್ ಹುಡುಗ ಖೈಮ್ ಎಂಗೆಲ್, ಆಮೇಲೆ ಅವಳ ಗಂಡ. ಅವನ ಭಾಷೆ, ಅವನ ನೆಲ, ಅದರಿಂದ ಬದುಕಿದಳು. ಚಿತ್ರ ಒಬ್ಬ ಗಂಡಸಿನ ಒಂದು ಏಟಿನ ಸುತ್ತ ತಿರುಗುತ್ತದೆ. ಉಳಿದುಕೊಂಡವರ ಬಗ್ಗೆ ಏನೂ ಇಲ್ಲ.

ಹಳೆಮೇಷ್ಟ್ರು

ಅಮ್ಮಾ, ನಿಮ್ಮ ಮಾತು ಒಪ್ಪುತ್ತೇನೆ. ಯೋಜನೆ ಕೊನೆಯವರೆಗೆ ನಡೆಯಲಿಲ್ಲ ಎನ್ನುವುದನ್ನೂ ಸೇರಿಸಬೇಕು. ಹೆಣಗಳು ಸಿಕ್ಕಿ ಗುಂಡು ಹಾರಲು ಶುರುವಾಯಿತು. ಸಾಲಾಗಿ ಗೇಟಿನಿಂದ ಹೋಗುವುದು ಆಗಲಿಲ್ಲ. ಬೇಲಿಗೆ ನುಗ್ಗಿದರು. ಮುಂದೆ ಓಡಿದವರು ನೆಲಬಾಂಬಿಗೆ ಸಿಕ್ಕರು, ಹಿಂದಿನವರು ಅವರ ಹೆಣ ದಾಟಿ ಹೋದರು. ಸುಮಾರು 300 ಜನ ಹೊರಬಿದ್ದರು. ಹಲವರನ್ನು ಕೆಲವೇ ದಿನಗಳಲ್ಲಿ ಹಿಡಿದು ಕೊಂದರು, ಇನ್ನಷ್ಟು ಜನ ಅಡಗಿದ್ದ ಕಡೆ ಸತ್ತರು. ಯುದ್ಧದ ಕೊನೆಗೆ ಉಳಿದದ್ದು ಸುಮಾರು 50 ಜನ. ಶಿಬಿರದಲ್ಲಿ ಉಳಿದವರನ್ನೆಲ್ಲ ಕೊಂದರು. ಆಮೇಲೆ ಕಟ್ಟಡ ಕೆಡವಿ ಮೇಲೆ ಗಿಡ ನೆಟ್ಟರು.

ನೇರಮಾತು

ನಾನು ಇನ್ನೂ ಕಟುವಾಗಿ ಕೇಳುತ್ತೇನೆ. ಸೊಬಿಬೋರ್ ಆದ ಮೂರು ವಾರಕ್ಕೆ, ನವೆಂಬರ್ 3 ಮತ್ತು 4ರಂದು, ಲುಬ್ಲಿನ್ ಜಿಲ್ಲೆಯ ಮೈದಾನೆಕ್, ಟ್ರಾವ್ನಿಕಿ, ಪೊನಿಯಾಟೋವಾ ಶಿಬಿರಗಳಲ್ಲಿ ಸುಮಾರು 42,000 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಇನ್ನೆಲ್ಲೂ ದಂಗೆ ಆಗಬಾರದು ಎನ್ನುವ ಭಯವೇ ಅದಕ್ಕೆ ಕಾರಣ. ಇದನ್ನು ಹೇಳದೆ ಬಂಡಾಯವನ್ನು ಗೆಲುವು ಅಂತ ತೋರಿಸುವುದು ಸರಿಯಾ?

ಹಳೆಮೇಷ್ಟ್ರು

ಆ ಹತ್ಯೆಗೆ ಸೊಬಿಬೋರ್ ಒಂದೇ ಕಾರಣವಲ್ಲ. ಏಪ್ರಿಲ್‌ನಲ್ಲಿ ವಾರ್ಸಾ ಘೆಟ್ಟೋ (ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ), ಆಗಸ್ಟ್ 2ರಂದು ಟ್ರೆಬ್ಲಿಂಕಾ, ಅದೇ ತಿಂಗಳು ಬಿಯಾಲಿಸ್ಟಾಕ್, ಆಮೇಲೆ ಸೊಬಿಬೋರ್. ಒಂದರ ಹಿಂದೆ ಒಂದು ದಂಗೆ. ಆದರೆ ಆ ಜನರನ್ನು ಹೇಗೂ ಉಳಿಸುವ ಉದ್ದೇಶ ನಾಜಿಗಳಿಗೆ ಇರಲಿಲ್ಲ. ಕೊಲೆಯ ಹೊಣೆ ಕೊಂದವನದ್ದು. ತಪ್ಪಿಸಿಕೊಂಡವನ ತಲೆಗೆ ಅದನ್ನು ಕಟ್ಟಿದರೆ ಶಿಬಿರದ ಅಧಿಕಾರಿ ಮಾಡುತ್ತಿದ್ದ ಲೆಕ್ಕವನ್ನೇ ನಾವೂ ಮಾಡಿದ ಹಾಗಾಗುತ್ತದೆ.

ನೇರಮಾತು

ಹೊಣೆ ಅವರದ್ದು ಅನ್ನಲಿಲ್ಲ ಮೇಷ್ಟ್ರೇ. ಚಿತ್ರ ಅದನ್ನು ಹೇಳಬೇಕಿತ್ತು ಅಂದೆ, ಅಷ್ಟೇ.

ಚಿತ್ರಸಂಜೆ

ನೋಡುವವರಿಗೆ ಗೊತ್ತಿರಬೇಕು ಎನ್ನುವುದು ಸರಿ. ಆದರೆ ಚಿತ್ರ ಗೆಲುವಿನ ಸಂಗೀತದಲ್ಲಿ ಮುಗಿಯುವುದಿಲ್ಲ. ಲರ್ನರ್ ಕಾಡು ಸೇರಿ, ಸುಸ್ತಾಗಿ ಬಿದ್ದು ನಿದ್ದೆ ಹೋಗುವಲ್ಲಿಗೆ ಲಾಂಜ್‌ಮನ್ ಮಾತು ನಿಲ್ಲಿಸುತ್ತಾರೆ. ಆಮೇಲೆ ತಮ್ಮದೇ ದನಿಯಲ್ಲಿ ಪಟ್ಟಿ ಓದುತ್ತಾರೆ. ಯಾವ ಊರಿನಿಂದ ಎಷ್ಟು ಜನರನ್ನು ಸೊಬಿಬೋರ್‌ಗೆ ತಂದರು, ಅಷ್ಟೇ. ಊರು, ಸಂಖ್ಯೆ. ಊರು, ಸಂಖ್ಯೆ. ನಿಮಿಷಗಟ್ಟಲೆ. ಕನ್ನಡತಿ ಅಕ್ಕ, ನಿಮ್ಮ ತಕರಾರಿಗೆ ಅವರ ಉತ್ತರ ಅದೇ ಅನ್ನಿಸುತ್ತದೆ. ಡಚ್ ರೈಲುಗಳೂ ಆ ಪಟ್ಟಿಯಲ್ಲಿ ಬರುತ್ತವೆ.

ಡಚ್ಚೂರಿನ ಕನ್ನಡತಿ

ಪಟ್ಟಿ ನನಗೂ ಬಹಳ ತಟ್ಟಿತು. ಆದರೂ ಸಂಖ್ಯೆ ಬೇರೆ, ಮುಖ ಬೇರೆ. ಸೆಲ್ಮಾ ಅಂಥವರ ಮಾತಿಗೂ ಇಷ್ಟೇ ಹೊತ್ತು ಕೊಟ್ಟ ಚಿತ್ರ ಬೇಕು. ಪೆಚೆರ್ಸ್ಕಿಯ ಕಥೆಯಲ್ಲೇ ಲೂಕಾ ಎಂಬ ಯುವತಿ ಇದ್ದಾಳೆ. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಅವಳನ್ನು ನೋಡಲು ಬರುತ್ತಾನೆ ಎನ್ನುವ ನೆಪದಲ್ಲಿ ದಂಗೆಯ ಮಾತುಕತೆ ನಡೆಯುತ್ತಿತ್ತು. ಅಂದರೆ ಅವಳ ಜೀವವೂ ಪಣದಲ್ಲಿತ್ತು. ದಂಗೆಯ ದಿನ ಅವನಿಗೆ ಅಂಗಿಯೊಂದನ್ನು ಕೊಟ್ಟಳು. ಬೇಲಿಯಾಚೆ ಅವಳು ಎಲ್ಲಿ ಹೋದಳು ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಆಶ್‌ವಿಟ್ಸ್‌ನಲ್ಲೂ ಹಾಗೇ. 1944ರ ಅಕ್ಟೋಬರ್ 7ರಂದು ಹೆಣ ಸುಡುವ ಕೆಲಸದ ಕೈದಿಗಳು ದಂಗೆ ಎದ್ದರಲ್ಲ, ಅವರಿಗೆ ಮದ್ದುಪುಡಿ ಸಿಕ್ಕಿದ್ದು ಹೆಂಗಸರಿಂದ. ಮದ್ದುಗುಂಡಿನ ಕಾರ್ಖಾನೆಯಿಂದ ಚಿಟಿಕೆ ಚಿಟಿಕೆಯಾಗಿ ಕದ್ದು ಸಾಗಿಸಿದರು. ರೋಜಾ ರೊಬೋಟಾ ಮತ್ತು ಇನ್ನು ಮೂವರನ್ನು 1945ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಅದೇ ತಿಂಗಳು 27ಕ್ಕೆ ಆಶ್‌ವಿಟ್ಸ್ ಬಿಡುಗಡೆ.

ಕಡಲಹುಡುಗ

ಪೆಚೆರ್ಸ್ಕಿ ಆಮೇಲೆ ಏನಾದರು? ದೇಶದಲ್ಲಿ ದೊಡ್ಡ ಹೀರೋ ಆಗಿರಬೇಕಲ್ವಾ?

ಹಳೆಮೇಷ್ಟ್ರು

ಇಲ್ಲ. ಶತ್ರುವಿಗೆ ಸೆರೆ ಸಿಕ್ಕವನು ಎಂಬ ಅನುಮಾನದಲ್ಲಿ ಸೋವಿಯತ್ ಸೇನೆ ಅವನನ್ನು ಮುಂಚೂಣಿಯ ಶಿಕ್ಷೆಯ ದಳಕ್ಕೆ ತಳ್ಳಿತು. ಗಾಯಗೊಂಡು ಬದುಕಿದ. ಸಾಕ್ಷಿ ಹೇಳಲು ಹೊರದೇಶಕ್ಕೆ ಹೋಗಲು ಬಿಡಲಿಲ್ಲ. 1990ರಲ್ಲಿ ರೊಸ್ತೋವ್‌ನಲ್ಲಿ ತೀರಿಕೊಂಡ. ರಷ್ಯಾ ಪದಕ ಕೊಟ್ಟಿದ್ದು 2016ರಲ್ಲಿ. ಫೆಲ್ಡ್‌ಹೆಂಡ್ಲರ್ ಅಷ್ಟು ದಿನವೂ ಬದುಕಲಿಲ್ಲ. 1945ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯಲು ತಿಂಗಳಿರುವಾಗ, ಲುಬ್ಲಿನ್‌ನಲ್ಲಿ ಗುಂಡೇಟಿಗೆ ಬಲಿಯಾದ.

ಇನ್ನೊಂದು ಕಡೆ ನೋಡಿ. ರಜೆಯಲ್ಲಿದ್ದ ವಾಗ್ನರ್ ಬ್ರೆಜಿಲ್ ಸೇರಿಕೊಂಡು ದಶಕಗಟ್ಟಲೆ ಆರಾಮವಾಗಿದ್ದ. 1978ರಲ್ಲಿ ಪತ್ತೆಯಾದರೂ ಬ್ರೆಜಿಲ್ ಅವನನ್ನು ಯಾರಿಗೂ ಒಪ್ಪಿಸಲಿಲ್ಲ. 1980ರಲ್ಲಿ ಅಲ್ಲೇ ಸತ್ತ.

ತುಂಗಾತೀರ

ಓದುತ್ತಾ ಹೊಟ್ಟೆ ಉರಿಯಿತು.

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಎರಡನೇ ಮಹಾಯುದ್ಧದ ಪಾಠದಲ್ಲಿ ಈ ಹತ್ಯಾಕಾಂಡಕ್ಕೆ ಸಿಗುವುದು ಕೆಲವೇ ಸಾಲು, ಅದರಲ್ಲಿ ಕೈದಿಗಳು ಬರೀ ಸಾಯುವವರು. ಈ ಚಿತ್ರದ ಒಂದು ಭಾಗವಾದರೂ ಮಕ್ಕಳಿಗೆ ತೋರಿಸಬೇಕು ಅಂತಿದ್ದೇನೆ. ಲರ್ನರ್‌ಗೂ ಅವರದ್ದೇ ವಯಸ್ಸು. ಯಾವ ಭಾಗ ತೋರಿಸಲಿ?

ಚಿತ್ರಸಂಜೆ

ಶಿಬಿರಗಳಿಂದ ಮತ್ತೆ ಮತ್ತೆ ತಪ್ಪಿಸಿಕೊಂಡ ಭಾಗದಿಂದ ಶುರು ಮಾಡಿ ಮೇಡಂ. ಹಸಿವಿನಿಂದ ಸಾಯುವ ಬದಲು ಗುಂಡು ತಿಂದು ಸಾಯುತ್ತೇನೆ ಅಂತ ಅವನು ಲೆಕ್ಕ ಹಾಕಿದ್ದು ಅಲ್ಲಿ ಬರುತ್ತದೆ. ಕೊಡಲಿಯ ಭಾಗವನ್ನೇ ಕತ್ತರಿಸಿ ತೋರಿಸಿದರೆ ಆ್ಯಕ್ಷನ್ ಸೀನ್ ಆಗಿಬಿಡುತ್ತದೆ.

ಹಳೆಮೇಷ್ಟ್ರು

ಅದಕ್ಕೆ ಮುಂಚೆ ಒಂದು ಪೀರಿಯಡ್ ಬೇಲಿ, ನೆಲಬಾಂಬು, ಸೇಡಿನ ವಿಷಯಕ್ಕೆ ಇಡಿ. ಚೀಟಿಯ ಕಥೆ ಹೇಳಿ. ಇಲ್ಲದಿದ್ದರೆ ಮೊದಲ ಬೆಂಚಿನಿಂದಲೇ ‘ಯಾಕೆ ಎದುರು ನಿಲ್ಲಲಿಲ್ಲ ಮಿಸ್’ ಎಂದು ಬರುತ್ತದೆ.

ಡಚ್ಚೂರಿನ ಕನ್ನಡತಿ

ಪಟ್ಟಿ ಓದುವ ಭಾಗವನ್ನು ಮಾತ್ರ ಬಿಡಬೇಡಿ. ಮಕ್ಕಳಿಗೆ ಬೇಜಾರಾಗುತ್ತೆ ಅಂತ ನಿಲ್ಲಿಸಬೇಡಿ. ವೆಸ್ಟರ್‌ಬೋರ್ಕ್ ಫೋಟೋಗಳು ನನ್ನ ಹತ್ತಿರ ಇವೆ. ಬೇಕಾದರೆ ಇಲ್ಲೇ ಹಾಕುತ್ತೇನೆ, ತರಗತಿಯಲ್ಲಿ ಬಳಸಿಕೊಳ್ಳಿ.

ತುಂಗಾತೀರ

ಹಾಕಿ ಅಕ್ಕ, ಖಂಡಿತ ಬಳಸುತ್ತೇನೆ. ಮೇಷ್ಟ್ರೇ, ರೈಲುದಾರಿ ಮತ್ತು ಮೂರು ಶಿಬಿರಗಳಿರುವ ಒಂದು ನಕಾಶೆ ಕನ್ನಡದಲ್ಲಿ ಬರೆದುಕೊಡಲು ಆಗುತ್ತಾ? ಬೋರ್ಡಿನ ಮೇಲೆ ಬಿಡಿಸಲು ಅನುಕೂಲ.

ಹಳೆಮೇಷ್ಟ್ರು

ಆಗಲಮ್ಮ. ಈ ಭಾನುವಾರದೊಳಗೆ ಬರೆದು ಇಲ್ಲೇ ಹಾಕುತ್ತೇನೆ. ಬುಗ್ ನದಿ, ವ್ಲೊದಾವಾ, ಖೆಲ್ಮ್, ಲುಬ್ಲಿನ್ ಎಲ್ಲ ಗುರುತು ಮಾಡಿ, ಡಚ್ ರೈಲು ಬಂದ ದಿಕ್ಕನ್ನೂ ತೋರಿಸುತ್ತೇನೆ.